ಮಗು ಎಲ್ಲಿ ನಿಂತಿದೆ? ಎಚ್.ಡಿ. ಕೋಟೆಯ ಕಾರ್ಡಿನಿಂದ ಚಾಟ್‌ಬಾಟ್‌ವರೆಗೆ

ರ, ಗ, ಸ, ದ, ಅ.

2017ರ ಮಳೆಗಾಲದಲ್ಲಿ ಮದ್ದೂರು ಕಡೆಯ ಒಂದು ಹಳ್ಳಿಗೆ, ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಆಗಷ್ಟೇ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಿದ್ದಳು. ಸೀಮೆಸುಣ್ಣ ಹಿಡಿದು ಜಗಲಿಯ ಮೇಲೆ ‘ದಸರ’ ಎಂದು ಬರೆದಳು. ಆಮೇಲೆ ‘ಅರಸ’. ಆಮೇಲೆ ‘ಗರಗಸ’. ಶಾಲೆಗೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. “ಅ ಆ ಇ ಈ ಬರಿ ನೋಡೋಣ” ಎಂದೆ. ‘ಅ’ ಬರೆದು ನಿಲ್ಲಿಸಿದಳು. “ಆ ಇನ್ನೂ ಬಂದಿಲ್ಲ ಮಾವ” ಎಂದಳು.

ಅಕ್ಕನಿಗೆ ಅದೇ ಚಿಂತೆ. “ಅ ಆ ಇ ಈ ಹೇಳಿಕೊಡಲ್ವಂತೆ ಕಣೋ, ಬರೀ ಕುಣಿಸ್ತಾರೆ” ಎಂದಳು. ನಾವೆಲ್ಲ ಅ ಆ ಇ ಈ ತಿದ್ದಿ ಬೆಳೆದವರು, ನನಗೂ ಸರಿ ಅನ್ನಿಸಲಿಲ್ಲ. ಆದರೆ ಆ ಜಗಲಿಯ ಮೇಲೆ ಮೂರು ಪದ ಇದ್ದವು. ಮಗು ತಾನೇ ಬರೆದು ತಾನೇ ಓದಿತ್ತು. ನಮ್ಮ ಹಳೆಯ ದಾರಿಯಲ್ಲಿ ಹೋಗಿದ್ದರೆ ಅಷ್ಟು ದಿನಕ್ಕೆ ಅವಳಿಗೆ ಸ್ವರಗಳು ಬಾಯಿಪಾಠ ಆಗಿರುತ್ತಿದ್ದವು. ಬರೀ ಸ್ವರಗಳಿಂದ ಎಷ್ಟು ಪದ ಕಟ್ಟೋಕಾಗುತ್ತೆ? ರ, ಗ, ಸ, ದ, ಅ ಹಾಗಲ್ಲ. ಬರೆಯಲು ಸುಲಭ, ತಿರುವುಗಳು ಒಂದಕ್ಕೊಂದು ಹತ್ತಿರ, ಕಾಗುಣಿತ ಒತ್ತಕ್ಷರದ ಗೊಡವೆ ಇಲ್ಲ. ಐದೇ ಅಕ್ಷರಕ್ಕೆ ಮಗು ಓದಲು ಶುರುಮಾಡುತ್ತದೆ. ಮೈಸೂರು ಸೀಮೆಯ ಮಗು ತಾನು ಕಿವಿಯಲ್ಲಿ ಕೇಳಿ ಬೆಳೆದ ದಸರೆಯನ್ನೇ ಮೊದಲ ತಿಂಗಳಲ್ಲಿ ಬರೆದು ನೋಡಬಹುದು.

ಇದು ನಲಿ-ಕಲಿ, ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಕಾರ್ಡು ಹಿಡಿದು ಕಲಿಯುವ ಪದ್ಧತಿ. ಹುಟ್ಟಿದ್ದು ನಮ್ಮ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಕಬಿನಿ ಹಿನ್ನೀರು, ಕಾಡಂಚಿನ ಹಾಡಿಗಳು ಇರುವ ತಾಲ್ಲೂಕು ಅದು. ಅಲ್ಲಿನ ಸರ್ಕಾರಿ ಶಾಲೆಯ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿ ಶಾಲೆಗೆ ಹೋಗಿ, ಒಬ್ಬರೇ ಮೇಷ್ಟ್ರು ಹಲವು ತರಗತಿಗಳನ್ನು ಒಟ್ಟಿಗೆ ನಡೆಸುವ ಬಗೆಯನ್ನು ನೋಡಿ ಬಂದರು. ಯುನಿಸೆಫ್ ನೆರವು ಸಿಕ್ಕಿತು. ಪಾಠಪುಸ್ತಕವನ್ನು ಬಿಡಿಸಿ ಸಣ್ಣ ಸಣ್ಣ ಹೆಜ್ಜೆಗಳಾಗಿ ಮಾಡಿ, ಒಂದೊಂದು ಹೆಜ್ಜೆಗೆ ಒಂದೊಂದು ಕಾರ್ಡು ಮಾಡಿದರು.

ಇವತ್ತು ‘ಶಿಕ್ಷಣದಲ್ಲಿ ತಂತ್ರಜ್ಞಾನ’ ಎಂದರೆ ಎಲ್ಲರ ಕಣ್ಣೂ ಸ್ಮಾರ್ಟ್ ಬೋರ್ಡ್, ಟ್ಯಾಬ್, ಎಐ ಕಡೆ ಹೋಗುತ್ತದೆ. ನಾನು ಈ ರಟ್ಟಿನ ಕಾರ್ಡಿನಿಂದ ಶುರುಮಾಡಿದ್ದಕ್ಕೆ ಕಾರಣ ಇದೆ. ಅದು ಕೆಲಸ ಮಾಡುವ ಬಗೆ ಗೊತ್ತಾದರೆ ಉಳಿದ ಯಂತ್ರಗಳನ್ನು ಅಳೆಯಲು ನಮ್ಮ ಕೈಗೊಂದು ಅಳತೆಗೋಲು ಸಿಗುತ್ತದೆ.

ನಲಿ-ಕಲಿ ಕೋಣೆಗೆ ಹೋಗಿ ಅರ್ಧ ಗಂಟೆ ಕೂತು ನೋಡಿ. ಬೆಂಚು ಇರುವುದಿಲ್ಲ. ಮಕ್ಕಳು ನೆಲದ ಮೇಲೆ ಐದು ಗುಂಪಾಗಿ ಕೂತಿರುತ್ತಾರೆ. ಈ ಗುಂಪುಗಳಿಗೆ ತಟ್ಟೆ ಎನ್ನುತ್ತಾರೆ. ಒಂದು ತಟ್ಟೆಯ ಮಕ್ಕಳಿಗೆ ಶಿಕ್ಷಕರ ಪೂರ್ತಿ ಸಹಾಯ ಬೇಕು. ಇನ್ನೊಂದಕ್ಕೆ ಸ್ವಲ್ಪ ಸಹಾಯ ಸಾಕು. ಮುಂದಿನವು ಗೆಳೆಯರ ಸಹಾಯದಿಂದ ಕಲಿಯುವ ಗುಂಪುಗಳು. ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ಏಣಿ ನೋಡಿ, ತನ್ನ ಮೆಟ್ಟಿಲು ಯಾವುದು ಎಂದು ತಾನೇ ಗುರುತಿಸಿ, ಆ ಚಿತ್ರವಿರುವ ಕಾರ್ಡು ತಂದು, ಆ ತಟ್ಟೆಗೆ ಹೋಗಿ ಕೂರುತ್ತದೆ. ತಲೆಯ ಮೇಲೆ ದಾರ ಕಟ್ಟಿದ ಕಲಿಕಾ ಚಪ್ಪರದಲ್ಲಿ ಮಕ್ಕಳು ಮಾಡಿದ ಚಿತ್ರ, ಬರಹ ತೂಗುತ್ತಿರುತ್ತವೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಎತ್ತರಕ್ಕೆ ಕಪ್ಪು ಹಲಗೆ.

ಇದರಲ್ಲಿ ಅತಿ ದೊಡ್ಡ ವಿಚಾರ ಯಾವುದು ಗೊತ್ತಾ? ರಜೆ ಹಾಕಿದ ಮಗು. ಕೂಲಿಗೆ ಹೋದ ಅಪ್ಪ ಅಮ್ಮನ ಜೊತೆ ಹದಿನೈದು ದಿನ ಹೋಗಿ ಬಂದ ಮಗು ಮಾಮೂಲಿ ತರಗತಿಯಲ್ಲಿ ಆ ಹದಿನೈದು ದಿನವನ್ನು ಕಳೆದುಕೊಂಡಂತೆಯೇ. ಪಾಠ ಮುಂದೆ ಹೋಗಿರುತ್ತದೆ. ನಲಿ-ಕಲಿಯಲ್ಲಿ ಅದರ ಕಾರ್ಡು ಅಲ್ಲೇ ಕಾಯುತ್ತಿರುತ್ತದೆ. ಏಣಿಯಲ್ಲಿ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹತ್ತುತ್ತದೆ. ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎಂಬುದು ಒಂದೇ ನೋಟಕ್ಕೆ ಶಿಕ್ಷಕರಿಗೂ ಗೊತ್ತು, ಮಗುವಿಗೂ ಗೊತ್ತು. ಕರೆಂಟು ಬೇಡ, ನೆಟ್‌ವರ್ಕ್ ಬೇಡ.

ಈಗ ಇನ್ನೊಂದು ಬಗೆಯ ತಂತ್ರಜ್ಞಾನ ನೋಡೋಣ. ಮೈಸೂರಿಗೆ ಅದೂ ಹಳೆಯ ನೆಂಟ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದರು. ದೇಶದ ರೇಡಿಯೊಗೆ ‘ಆಕಾಶವಾಣಿ’ ಎಂಬ ಹೆಸರು ಬಂದಿದ್ದು ಅಲ್ಲಿಂದ. ಜನರಿಗೆ ತಿಳಿವಳಿಕೆ ಮನೆಮನೆಗೆ ತಲುಪಬೇಕು ಎಂಬ ಆಸೆ ಈ ಊರಿನಲ್ಲಿ ಅಷ್ಟು ಹಳೆಯದು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮದುವೆಯಾಗಿ ಓದು ಬಿಟ್ಟ ಎಷ್ಟೋ ಹೆಣ್ಣುಮಕ್ಕಳು, ಕೆಲಸಕ್ಕೆ ಸೇರಿದ ಗಂಡುಮಕ್ಕಳು ಅಂಚೆಯಲ್ಲಿ ಬಂದ ಪುಸ್ತಕ ಓದಿ ಬಿ.ಎ. ಮಾಡಿದರು. ಅದು ಸಣ್ಣ ಕೆಲಸ ಅಲ್ಲ.

ಮುಂದೆ ಉಪಗ್ರಹವೂ ಬಂತು. 2004ರ ಸೆಪ್ಟೆಂಬರ್ 20ರಂದು ಇಸ್ರೊ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿಸಿತು. ಪ್ರಾಥಮಿಕ ಶಾಲೆಗಳಲ್ಲಿ ಅದರ ಮೊದಲ ಪ್ರಯೋಗಗಳಿಗೆ ಆರಿಸಿದ ಜಾಗಗಳಲ್ಲಿ ನಮ್ಮ ಪಕ್ಕದ ಚಾಮರಾಜನಗರ ಜಿಲ್ಲೆ ಒಂದು. ಮಕ್ಕಳು ಟಿ.ವಿ. ಮುಂದೆ ಕೂತು ಪಾಠ ನೋಡಿದರು. ರೇಡಿಯೊದಲ್ಲಿ ‘ಕೇಳಿ ಕಲಿ’ ಬಂತು. ಕೋವಿಡ್ ಕಾಲದಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಈಗ ತರಗತಿಯಲ್ಲಿ ಸ್ಮಾರ್ಟ್ ಬೋರ್ಡ್ ಇದೆ, ಪುಸ್ತಕದ ಪುಟದಲ್ಲಿ ಕ್ಯೂಆರ್ ಕೋಡ್ ಇದೆ. ಫೋನು ಹಿಡಿದರೆ ಸರ್ಕಾರದ ಕಲಿಕಾ ಜಾಲತಾಣ ‘ದೀಕ್ಷಾ’ದಲ್ಲಿ ವಿಡಿಯೊ ತೆರೆಯುತ್ತದೆ.

ಇವೆಲ್ಲ ಒಂದೇ ಜಾತಿಗೆ ಸೇರಿದವು. ಒಂದು ಬಾಯಿ, ಸಾವಿರ ಕಿವಿ. ಒಳ್ಳೆಯ ಪಾಠ ದೂರದವರೆಗೆ ತಲುಪುತ್ತದೆ. ಹೃದಯ ಬಡಿಯುವುದನ್ನು, ಗ್ರಹಣ ಹಿಡಿಯುವುದನ್ನು ಪರದೆಯ ಮೇಲೆ ತೋರಿಸಿದಷ್ಟು ಚೆನ್ನಾಗಿ ಬೋರ್ಡಿನ ಮೇಲೆ ತೋರಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಮೂರನೇ ಸಾಲಿನಲ್ಲಿ ಕೂತ ಹುಡುಗನಿಗೆ ಅರ್ಥವಾಯಿತೋ ಇಲ್ಲವೋ ಎಂಬುದು ಪರದೆಗೆ ಗೊತ್ತಾಗುವುದಿಲ್ಲ. ಅವನಿಗೆ ಎರಡು ವರ್ಷದ ಹಿಂದಿನ ಭಾಗಾಕಾರವೇ ಬರದಿದ್ದರೆ ಇವತ್ತಿನ ಬೀಜಗಣಿತದ ಅನಿಮೇಷನ್ ಎಷ್ಟು ಚೆಂದ ಇದ್ದರೂ ಅವನ ಪಾಲಿಗೆ ಬರೀ ಬಣ್ಣ.

ಹೊರದೇಶದ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ದಕ್ಷಿಣ ಅಮೆರಿಕದ ಪೆರು ದೇಶ ‘ಮಗುವಿಗೊಂದು ಲ್ಯಾಪ್‌ಟಾಪ್’ ಎಂದು ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಕೊಂಡು ಹಂಚಿತು. ಹಳ್ಳಿಯ 319 ಶಾಲೆಗಳನ್ನು ತೆಗೆದುಕೊಂಡು ಸಂಶೋಧಕರು ಪರೀಕ್ಷಿಸಿದರು. ಸುಮಾರು ಹದಿನೈದು ತಿಂಗಳ ನಂತರವೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಯಂತ್ರ ಬಂತು, ಪಾಠದ ರೀತಿ ಹಾಗೇ ಉಳಿಯಿತು.

ಇದರ ಪಕ್ಕದಲ್ಲಿ ದೆಹಲಿಯದನ್ನು ಇಡಿ. ಅಲ್ಲಿ ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶ ಬಳಸುವ, ಶಾಲೆ ಮುಗಿದ ಮೇಲೆ ನಡೆಯುವ ಕೇಂದ್ರಗಳಿದ್ದವು. ಸರ್ಕಾರಿ ಮಾಧ್ಯಮಿಕ ಶಾಲೆಯ ಮಕ್ಕಳನ್ನು ಲಾಟರಿ ಎತ್ತಿ ಕಳಿಸಿದರು. ಮೊದಲು ಅಳೆದು ನೋಡಿದಾಗ ಆರನೇ ತರಗತಿಯ ಸಾಧಾರಣ ಮಗು ಗಣಿತದಲ್ಲಿ ತನ್ನ ತರಗತಿಗಿಂತ ಸುಮಾರು ಎರಡೂವರೆ ವರ್ಷ ಹಿಂದಿತ್ತು. ಮೇಲಿನ ತರಗತಿಗೆ ಹೋದಂತೆ ಅಂತರ ಇನ್ನೂ ಜಾಸ್ತಿ. ತಂತ್ರಾಂಶ ಮಾಡಿದ್ದು ಇಷ್ಟೇ: ಪ್ರತಿ ಮಗು ನಿಜವಾಗಿ ಯಾವ ಮಟ್ಟದಲ್ಲಿದೆ ಎಂದು ನೋಡಿ, ಅಲ್ಲಿಂದಲೇ ಲೆಕ್ಕ ಕೊಟ್ಟಿತು. ತಪ್ಪು ಮಾಡಿದರೆ ತಪ್ಪಿನ ಬಗೆ ನೋಡಿ ಮುಂದಿನ ಲೆಕ್ಕ ಬದಲಿಸಿತು. ಅರ್ಧ ಸಮಯ ಕಂಪ್ಯೂಟರ್, ಅರ್ಧ ಸಮಯ ಸಣ್ಣ ಗುಂಪಿನಲ್ಲಿ ಒಬ್ಬರು ಕೂತು ಹೇಳಿಕೊಡುವುದು. ನಾಲ್ಕೂವರೆ ತಿಂಗಳಲ್ಲಿ ಆ ಮಕ್ಕಳು ಗಣಿತದಲ್ಲಿ ಉಳಿದವರಿಗಿಂತ ಸುಮಾರು ಎರಡು ಪಟ್ಟು ಮುಂದುವರಿದರು.

ಈಗ ಎಚ್.ಡಿ. ಕೋಟೆಯ ಏಣಿಯನ್ನು ನೆನಪಿಸಿಕೊಳ್ಳಿ. ಎರಡೂ ಒಂದೇ ಅಲ್ವಾ? ಮಗು ಇರುವ ಮೆಟ್ಟಿಲು, ಆ ಮೆಟ್ಟಿಲಿನ ಕೆಲಸ, ಪಕ್ಕದಲ್ಲಿ ಒಬ್ಬ ಮನುಷ್ಯ. ರಟ್ಟಿನಲ್ಲಿ ಮಾಡಿದ್ದನ್ನು ಇಲ್ಲಿ ಕಂಪ್ಯೂಟರಿನಲ್ಲಿ ಮಾಡಿದ್ದಾರೆ. ಹಾಗಾಗಿ ಶಾಲೆಗೆ ಯಾವುದೇ ಹೊಸ ಯಂತ್ರ ಬಂದಾಗ ನಾನು ಕೇಳುವ ಪ್ರಶ್ನೆ ಒಂದೇ. ಮಗು ಎಲ್ಲಿ ನಿಂತಿದೆ ಎಂದು ಇದು ಮೇಷ್ಟ್ರಿಗೆ ತೋರಿಸುತ್ತದಾ?

ಈ ಪ್ರಶ್ನೆಯನ್ನು ನಲಿ-ಕಲಿಗೂ ಕೇಳಬೇಕು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹರಡಿತು. ಕೋಟೆಯ ಶಿಕ್ಷಕರು ತಮ್ಮ ಮಕ್ಕಳ ಮುಖ ನೋಡಿ ಕಾರ್ಡು ಮಾಡಿದ್ದರು. ಬೇರೆ ಊರಿನವರಿಗೆ ಅದು ಮೇಲಿಂದ ಬಂದ ಪೆಟ್ಟಿಗೆ. ಯಾಕೆ ರ, ಗ, ಸ, ದ, ಅ ಎಂದು ಗೊತ್ತಿಲ್ಲದೆ ಕಲಿಸಿದರೆ ಅದೂ ಬಾಯಿಪಾಠವೇ. ಕಾರ್ಡು ಹರಿದುಹೋದರೆ ಹೊಸದು ಬರುವುದು ತಡ. ಒಬ್ಬರೇ ಶಿಕ್ಷಕಿ ಇರುವ ಶಾಲೆಯಲ್ಲಿ ಒಂದರಿಂದ ಐದನೇ ತರಗತಿವರೆಗೂ ಅವರೇ ನೋಡಬೇಕು. ಐದು ತಟ್ಟೆ ಇದ್ದರೂ ಮೊದಲನೇ ತಟ್ಟೆಯಲ್ಲಿ ಕೂರಲು ಅವರಿಗೆ ಪುರುಸೊತ್ತು ಎಲ್ಲಿ? ಅಕ್ಕನಿಗೆ ‘ಬರೀ ಕುಣಿಸ್ತಾರೆ’ ಅನ್ನಿಸಿದ್ದರಲ್ಲಿ ಅವಳ ತಪ್ಪಿಲ್ಲ. ಯಾಕೆ ಹೀಗೆ ಎಂದು ಅವಳನ್ನು ಕೂರಿಸಿ ಹೇಳಿದವರು ಇರಲಿಲ್ಲ.

ಶಿಕ್ಷಕರ ಪುರುಸೊತ್ತಿನ ಮಾತು ಬಂತು. ತಂತ್ರಜ್ಞಾನದ ಚರ್ಚೆಯಲ್ಲಿ ನಾವು ಇದನ್ನು ಮರೆತೇ ಬಿಡುತ್ತೇವೆ. ಮಂಡ್ಯ ಕಡೆಯ ಯಾವುದೇ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರ ಫೋನು ತೆಗೆದು ನೋಡಿ. ಹಾಜರಾತಿ, ಬಿಸಿಯೂಟ, ಮೊಟ್ಟೆ, ಹಾಲು, ಮಕ್ಕಳ ದಾಖಲೆಯ ಎಸ್‌ಎಟಿಎಸ್, ಶಾಲೆಯ ದಾಖಲೆಯ ಯುಡೈಸ್. ಎಲ್ಲಕ್ಕೂ ಲೆಕ್ಕ, ಕೆಲವಕ್ಕೆ ಫೋಟೊ. ಜೊತೆಗೆ ವಾಟ್ಸಾಪ್ ಗುಂಪಿನಲ್ಲಿ ‘ಇಂದೇ ಕಳಿಸಿ’ ಎಂಬ ಸಂದೇಶ. ಲೆಕ್ಕ ಬೇಕು, ನಿಜ. ಮಗುವಿನ ಊಟದ ಲೆಕ್ಕ ಸರಿ ಇರಬೇಕು. ಆದರೆ ಈ ಮಾಹಿತಿಯೆಲ್ಲ ಮೇಲಕ್ಕೆ ಹೋಗುತ್ತದೆ, ತರಗತಿಗೆ ವಾಪಸ್ ಬರುವುದು ಬಹಳ ಕಡಿಮೆ. ನಾಲ್ಕನೇ ತರಗತಿಯ ಹನ್ನೆರಡು ಮಕ್ಕಳಲ್ಲಿ ಕಳೆಯುವ ಲೆಕ್ಕ ಬರದವರು ಯಾರು ಎಂದು ಯಾವ ಆ್ಯಪ್ ಕೂಡ ಬೆಳಿಗ್ಗೆ ಆ ಶಿಕ್ಷಕಿಗೆ ಹೇಳುವುದಿಲ್ಲ. ಹೇಳುವಂತೆ ಮಾಡಲು ಸಾಧ್ಯವಿದೆ. ಬೇಕು ಎಂದು ಕೇಳಿದವರು ಕಡಿಮೆ, ಅಷ್ಟೇ.

ಒಂದು ಯಂತ್ರ ಮಾತ್ರ ಮಗು ಎಲ್ಲಿ ನಿಂತಿದೆ ಎಂದು ಇಡೀ ರಾಜ್ಯಕ್ಕೆ ತೋರಿಸಿತು. ಅದು ಪರೀಕ್ಷಾ ಕೊಠಡಿಯ ಕ್ಯಾಮೆರಾ. 2023ರಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. ಮಂಡ್ಯ ಜಿಲ್ಲೆ ಶೇ 96.74 ಪಡೆದು ಎರಡನೇ ಸ್ಥಾನದಲ್ಲಿತ್ತು, ನಾವೆಲ್ಲ ಹೆಮ್ಮೆಪಟ್ಟೆವು. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್, ಅಂದರೆ ಕೊಠಡಿಯ ಕ್ಯಾಮೆರಾ ದೃಶ್ಯವನ್ನು ದೂರದಿಂದ ನೋಡುವ ವ್ಯವಸ್ಥೆ, ಬಂತು. ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಯಾವ ಜಿಲ್ಲೆಯ ಮಕ್ಕಳನ್ನೂ ನಾನು ದೂರುತ್ತಿಲ್ಲ, ಓದಿ ಬರೆದವರು ಎಲ್ಲ ಕಡೆ ಇದ್ದರು. ನನ್ನ ಸಂಕಟ ಬೇರೆ. ಹತ್ತು ವರ್ಷ ಶಾಲೆಯಲ್ಲಿ ಕೂತ ಮಗುವಿನ ನಿಜವಾದ ಮಟ್ಟ ಹತ್ತನೇ ವರ್ಷದ ಕೊನೆಯ ವಾರದಲ್ಲಿ, ಕ್ಯಾಮೆರಾ ಕಣ್ಣಿನಲ್ಲಿ ಗೊತ್ತಾದರೆ ಏನು ಮಾಡೋಣ? ಆಗ ಅದಕ್ಕೆ ಕಾರ್ಡೂ ಇಲ್ಲ, ಏಣಿಯೂ ಇಲ್ಲ. ಇದೇ ಎಚ್ಚರ ಮೂರನೇ ತರಗತಿಯಲ್ಲಿ ಬೇಕಿತ್ತು. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಎಲ್ಲ ಮಕ್ಕಳಿಗೂ ಓದು, ಬರಹ, ಲೆಕ್ಕ ಬರಬೇಕು ಎಂದು 2021ರ ಜುಲೈನಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆ ‘ನಿಪುಣ್ ಭಾರತ್’ 2026-27ರ ಗಡುವು ಇಟ್ಟುಕೊಂಡಿದೆ. ಆದರೆ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ 2024ರ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳ ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಮಕ್ಕಳು ಶೇ 23.4. ಎರಡು ವರ್ಷದ ಹಿಂದೆ ಅದು ಶೇ 16.3 ಇತ್ತು. ಏರಿದೆ, ಸಂತೋಷ. ಹೋಗಬೇಕಾದ ದಾರಿ ಇನ್ನೂ ತುಂಬಾ ಇದೆ.

ಜಗಲಿಯ ಮೇಲೆ ‘ದಸರ’ ಬರೆದ ಆ ಹುಡುಗಿ ಈಗ ಒಂಬತ್ತನೇ ತರಗತಿ ಮುಗಿಸಿದ್ದಾಳೆ. ಕೋವಿಡ್ ಬಂದಾಗ ಅವಳು ನಾಲ್ಕನೇ ತರಗತಿ. ‘ವಿದ್ಯಾಗಮ’ದಲ್ಲಿ ಮೇಷ್ಟ್ರು ಊರಿಗೇ ಬಂದು ಅರಳಿಕಟ್ಟೆಯ ಮೇಲೆ ಕೂರಿಸಿ ಪಾಠ ಮಾಡಿದ್ದನ್ನು ಈಗಲೂ ಹೇಳುತ್ತಾಳೆ. ಟಿ.ವಿ. ಪಾಠಗಳಲ್ಲಿ ಒಂದೂ ಅವಳಿಗೆ ನೆನಪಿಲ್ಲ. ಕಟ್ಟೆಯ ಮೇಲೆ ಮೇಷ್ಟ್ರು ತನ್ನ ಪುಸ್ತಕ ತೆಗೆದುಕೊಂಡು ‘ಇಲ್ಲಿ ತಪ್ಪಿದೆ ನೋಡು’ ಎಂದಿದ್ದು ನೆನಪಿದೆ.

ಕಳೆದ ಬೇಸಿಗೆಯಲ್ಲಿ ಅವಳು ಅಪ್ಪನ ಫೋನಿನಲ್ಲಿ ಲೆಕ್ಕದ ಫೋಟೊ ತೆಗೆಯುವುದನ್ನು ನೋಡಿದೆ. ವರ್ಗ ಸಮೀಕರಣ. ಚಾಟ್‌ಬಾಟ್ ಎರಡು ಸೆಕೆಂಡಿನಲ್ಲಿ ಹಂತ ಹಂತವಾಗಿ ಬಿಡಿಸಿಕೊಟ್ಟಿತು. ಅವಳು ನೀಟಾಗಿ ಪುಸ್ತಕಕ್ಕೆ ಇಳಿಸಿಕೊಂಡಳು. “ಅರ್ಥ ಆಯ್ತಾ?” ಎಂದೆ. “ಆಯ್ತು ಮಾವ.” “ಹಂಗಾದ್ರೆ ಇನ್ನೊಂದು ನೋಡದೆ ಮಾಡು” ಎಂದೆ. ಅವಳಿಗೆ ಆಗಲಿಲ್ಲ. ಕಣ್ಣಲ್ಲಿ ನೀರು ಬಂತು, ನನಗೂ ಹೊಟ್ಟೆಗೆ ಚುರುಕ್ ಎಂದಿತು. ಅವಳು ದಡ್ಡಿ ಅಲ್ಲ, ಸೋಮಾರಿಯೂ ಅಲ್ಲ. ನಿಜವಾಗಿಯೂ ಅರ್ಥವಾಯಿತು ಎಂದೇ ನಂಬಿದ್ದಳು.

ಇದು ಅವಳೊಬ್ಬಳ ಕಥೆಯಲ್ಲ. ಟರ್ಕಿಯಲ್ಲಿ ಸುಮಾರು ಸಾವಿರ ಪ್ರೌಢಶಾಲೆ ಮಕ್ಕಳ ಮೇಲೆ ನಡೆದ ಪ್ರಯೋಗ ಇದನ್ನೇ ತೋರಿಸಿತು. ಒಂದು ಗುಂಪಿಗೆ ಸಾಮಾನ್ಯ ಚಾಟ್‌ಬಾಟ್ ಕೊಟ್ಟರು. ಅಭ್ಯಾಸದ ಲೆಕ್ಕಗಳಲ್ಲಿ ಅವರ ಅಂಕ ಶೇ 48ರಷ್ಟು ಏರಿತು. ಚಾಟ್‌ಬಾಟ್ ಕಿತ್ತುಕೊಂಡು ಪರೀಕ್ಷೆ ಮಾಡಿದಾಗ, ಅದನ್ನು ಮುಟ್ಟದೇ ಇದ್ದ ಮಕ್ಕಳಿಗಿಂತ ಶೇ 17ರಷ್ಟು ಕಡಿಮೆ ಅಂಕ ಪಡೆದರು. ಇನ್ನೊಂದು ಗುಂಪಿಗೆ ಬೇರೆ ಬಗೆಯದು ಕೊಟ್ಟಿದ್ದರು. ಅದು ಉತ್ತರ ಹೇಳುತ್ತಿರಲಿಲ್ಲ, ಶಿಕ್ಷಕರ ನೆರವಿನಿಂದ ರೂಪಿಸಿದ ಸುಳಿವುಗಳನ್ನು ಕೊಡುತ್ತಿತ್ತು. ಅಭ್ಯಾಸದಲ್ಲಿ ಆ ಗುಂಪು ಇನ್ನೂ ಮುಂದೆ ಹೋಯಿತು, ಪರೀಕ್ಷೆಯಲ್ಲಿ ಆ ನಷ್ಟವೂ ಆಗಲಿಲ್ಲ. ಎರಡರ ಒಳಗಿನ ಯಂತ್ರ ಒಂದೇ. ಉತ್ತರ ಕೊಡಬೇಕೋ, ಮಗುವನ್ನು ಇನ್ನೊಂದು ನಿಮಿಷ ಒದ್ದಾಡಲು ಬಿಡಬೇಕೋ ಎಂಬಲ್ಲಿ ಮುಖ್ಯ ವ್ಯತ್ಯಾಸ. ಒಳ್ಳೆಯ ಮೇಷ್ಟ್ರಿಗೆ ಈ ವಿದ್ಯೆ ಮೊದಲಿಂದಲೂ ಗೊತ್ತು. ಮಗು ತಡವರಿಸುವಾಗ ಅವರು ಸುಮ್ನೆ ನಿಂತಿರುತ್ತಾರೆ.

ಫೋನು ಕಿತ್ತುಕೊಳ್ಳಿ ಎನ್ನುವವರ ಜೊತೆ ನಾನಿಲ್ಲ. ಅಸರ್ 2024ರಲ್ಲೇ ಹದಿನಾಲ್ಕರಿಂದ ಹದಿನಾರು ವರ್ಷದವರಲ್ಲಿ ಶೇ 82.2 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಎಂದಿದೆ. ಹಿಂದಿನ ವಾರ ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಫೋನು ಮನೆಯೊಳಗೆ ಬಂದಾಗಿದೆ. ಇಂಗ್ಲಿಷ್ ಉಚ್ಚಾರ ಕೇಳಿಕೊಳ್ಳಲು, ತರಗತಿಯಲ್ಲಿ ಕೇಳಲು ನಾಚಿಕೆಪಟ್ಟ ಪ್ರಶ್ನೆ ಕೇಳಲು ಅದಕ್ಕಿಂತ ಒಳ್ಳೆಯ ಗೆಳತಿ ಹಳ್ಳಿಯ ಹುಡುಗಿಗೆ ಸಿಗುವುದು ಕಷ್ಟ. ಅಕ್ಕನ ಮಗಳಿಗೆ ನಾನು ಹೇಳಿಕೊಟ್ಟಿದ್ದು ಒಂದೇ ಸಾಲು. ಫೋಟೊ ಹಾಕಿದ ಮೇಲೆ ‘ಉತ್ತರ ಹೇಳಬೇಡ, ನಾನು ಎಲ್ಲಿ ತಪ್ಪಿದ್ದೇನೆ ಹೇಳು’ ಎಂದು ಬರೆ. ಅದಕ್ಕೆ ಮೊದಲು ತಾನೇ ಮಾಡಿದ ಲೆಕ್ಕದ ಫೋಟೊ ಹಾಕಬೇಕಾಗುತ್ತದೆ, ಅದೇ ಬೇಕಾಗಿರೋದು.

ಕನ್ನಡದ ಮಾತು ಇಲ್ಲಿ ಸೇರಿಸಲೇಬೇಕು. ಕನ್ನಡ ಮಾಧ್ಯಮದ ಮಗು ಲ.ಸಾ.ಅ., ಮ.ಸಾ.ಅ., ವರ್ಗಮೂಲ ಎಂದು ಕಲಿತಿರುತ್ತದೆ. ಚಾಟ್‌ಬಾಟ್ ಕನ್ನಡದಲ್ಲಿ ಉತ್ತರ ಕೊಡುತ್ತದೆ, ಮೊದಲಿಗಿಂತ ಎಷ್ಟೋ ಚೆನ್ನಾಗಿ. ಆದರೂ ಪಠ್ಯಪುಸ್ತಕದಲ್ಲಿಲ್ಲದ ಪದ ಹಾಕಿಬಿಟ್ಟರೆ ಮಗು ಲೆಕ್ಕ ಬಿಟ್ಟು ಪದದಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಕೆಲಸಕ್ಕೆ ಬೇಕಾದವರು ಮೈಸೂರಿನಲ್ಲೇ ಇದ್ದಾರೆ. ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇಲ್ಲಿದೆ, ಭಾಷೆಗಳ ದತ್ತಾಂಶ ಕೂಡಿಡುವ ಯೋಜನೆಯೂ ಅಲ್ಲೇ ನಡೆಯುತ್ತದೆ. ಶಿಕ್ಷಕರನ್ನು ತಯಾರುಮಾಡುವ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಇದೆ. ನಲಿ-ಕಲಿ ಹುಟ್ಟಿದ ತಾಲ್ಲೂಕು ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿದೆ. ಉತ್ತರ ಹೇಳದೆ ಸುಳಿವು ಕೊಡುವ, ನಮ್ಮ ಪಠ್ಯದ ಪದಗಳಲ್ಲೇ ಮಾತಾಡುವ ಒಂದು ಕನ್ನಡ ಸಹಾಯಕವನ್ನು ಮಳವಳ್ಳಿ, ಪಾಂಡವಪುರದ ಗಣಿತ ಮೇಷ್ಟ್ರುಗಳನ್ನು ಕೂರಿಸಿಕೊಂಡು ಇಲ್ಲೇ ಕಟ್ಟಬಹುದು. ಸುಳಿವು ಬರೆಯುವವರು ಅವರೇ ಆಗಿರಬೇಕು. ನಮ್ಮ ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಅವರಿಗೆ ಗೊತ್ತಿರುವಷ್ಟು ಯಾವ ಕಂಪನಿಗೂ ಗೊತ್ತಿಲ್ಲ.

ದೊಡ್ಡ ಯಂತ್ರ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಒಂದು ಸರಳ ಪ್ರಯೋಗ ನಡೆಯಿತು. ವಾರಕ್ಕೊಮ್ಮೆ ಮನೆಗೆ ಲೆಕ್ಕದ ಎಸ್‌ಎಂಎಸ್ ಕಳಿಸುವುದು, ಜೊತೆಗೆ ಬೋಧಕರೊಬ್ಬರು ಹದಿನೈದು ಇಪ್ಪತ್ತು ನಿಮಿಷ ಫೋನಿನಲ್ಲಿ ಮಗುವಿನ ಜೊತೆ ಮಾತಾಡುವುದು. ಬರೀ ಎಸ್‌ಎಂಎಸ್‌ನಿಂದ ಹೆಚ್ಚೇನೂ ಆಗಲಿಲ್ಲ. ಮಾತು ಸೇರಿದಾಗ ಮಕ್ಕಳ ಲೆಕ್ಕ ಸುಧಾರಿಸಿತು. ನಮ್ಮ ರಾಜ್ಯದಲ್ಲೂ ಸರ್ಕಾರಿ ಶಾಲೆಯ ಶಿಕ್ಷಕರು ಫೋನಿನಲ್ಲಿ ಗಣಿತ ಹೇಳಿಕೊಡುವ ‘ಗಣಿತ ಗಣಕ’ ಶುರುವಾಗಿದೆ. ಕೀಪ್ಯಾಡ್ ಫೋನು ಸಾಕು.

ಅಂಥ ಒಂದು ಕರೆಯನ್ನು ಅಕ್ಕನ ಮನೆಯಲ್ಲಿ ಕೂತು ಕೇಳಿದೆ. ಸಂಜೆ ಏಳು ಗಂಟೆ. ಭಾವ ಗದ್ದೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಫೋನು ಬಂದಿದ್ದು ಚಿಕ್ಕ ಮಗನಿಗೆ, ನಾಲ್ಕನೇ ತರಗತಿ. ಸ್ಪೀಕರ್ ಹಾಕಿದ್ದ.

“ಮೂವತ್ತೆರಡರಲ್ಲಿ ಹದಿನೈದು ಕಳೆದರೆ ಎಷ್ಟಪ್ಪ?”

ಬೆರಳು ಮಡಚಿದ. “ಇಪ್ಪತ್ತಮೂರು ಮಿಸ್.”

ಆ ಕಡೆ ಒಂದು ಕ್ಷಣ ಸುಮ್ಮನಾದರು. ತಪ್ಪು ಎನ್ನಲಿಲ್ಲ. “ಬಿಡಿ ಜಾಗದಲ್ಲಿ ಏನು ಮಾಡಿದೆ ಹೇಳು” ಎಂದರು. “ಐದರಲ್ಲಿ ಎರಡು ಹೋದ್ರೆ ಮೂರು ಮಿಸ್.” ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದ. ಮೇಲೆ ಯಾವುದಿದೆ, ಕೆಳಗೆ ಯಾವುದಿದೆ ಎಂದು ನೋಡಿರಲಿಲ್ಲ. ಇಡೀ ವರ್ಷ ಪುಸ್ತಕದಲ್ಲಿ ತಪ್ಪು ಗುರುತು ಬಿದ್ದಿದ್ದರೂ ಎಲ್ಲಿ ಸಿಕ್ಕಿಕೊಂಡಿದ್ದಾನೆ ಎಂದು ಹೊರಗೆ ಬಂದಿದ್ದು ಆ ಒಂದು ಉತ್ತರದಲ್ಲಿ.

“ಮನೇಲಿ ಬೆಂಕಿಪೊಟ್ಟಣ ಇದ್ಯಾ? ಅಪ್ಪನ್ನ ಕೇಳು. ಹತ್ತತ್ತು ಕಡ್ಡಿ ಎಣಿಸಿ ಮೂರು ಕಟ್ಟು ಮಾಡು, ಎರಡು ಬಿಡಿಯಾಗಿ ಇಡು. ಈಗ ಹದಿನೈದು ನನಗೆ ಕೊಡು ನೋಡೋಣ.”

ಭಾವ ಒದ್ದೆ ಕೈ ಒರೆಸಿಕೊಂಡು ಒಲೆಯ ಮೇಲಿನ ಗೂಡಿಗೆ ಕೈ ಹಾಕಿದರು. ಕಡ್ಡಿಗಳನ್ನು ನೆಲಕ್ಕೆ ಸುರಿದು ಮಗನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಎರಡು ಬಿಡಿ ಕಡ್ಡಿ ಎತ್ತಿಟ್ಟ ಹುಡುಗ ಇನ್ನು ಮೂರು ಎಲ್ಲಿಂದ ತರಲಿ ಎಂದು ಅಪ್ಪನ ಮುಖ ನೋಡಿದ. ಆಮೇಲೆ ಒಂದು ಕಟ್ಟಿಗೆ ಸುತ್ತಿದ್ದ ದಾರ ಬಿಚ್ಚಿದ.